ತೂಕ ಇಳಿಸಲು ಔಷಧ: ವೈದ್ಯರನ್ನು ಕೇಳುವ ಮುನ್ನ ತಿಳಿದಿರಬೇಕಾದ ವಿಷಯಗಳು

(ಸಾರ್ವಜನಿಕರ ಮಾಹಿತಿಗಾಗಿ)

ಐದಾರು ಕಿಲೋ ತೂಕ ಇಳಿಸಿಕೊಳ್ಳುವ ಉದ್ದೇಶದಿಂದ ಮಾತ್ರೆ ಅಥವಾ ಚುಚ್ಚುಮದ್ದು ಬರೆದುಕೊಡುವಂತೆ ವೈದ್ಯರನ್ನು ಕೋರುವುದು ಈಗ ಸಾಮಾನ್ಯವಾಗಿದೆ. ವಾರಕ್ಕೊಮ್ಮೆ ಹಾಕಿಕೊಳ್ಳುವ ಟಿರ್ಜೆಪಟೈಡ್ ಚುಚ್ಚುಮದ್ದು 2025ರ ಮಾರ್ಚ್ ತಿಂಗಳಿನಲ್ಲಿಯೂ, ತೂಕ ಇಳಿಕೆಗೆಂದೇ ಅನುಮತಿ ಪಡೆದ ಸೆಮಾಗ್ಲುಟೈಡ್ ಚುಚ್ಚುಮದ್ದು ಅದೇ ವರ್ಷದ ಜೂನ್ ತಿಂಗಳಿನಲ್ಲಿಯೂ ಭಾರತದ ಮಾರುಕಟ್ಟೆಗೆ ಬಂದವು. ಸ್ಥೂಲಕಾಯವು ದೀರ್ಘಕಾಲದ ಕಾಯಿಲೆಯಾಗಿದ್ದು, ಅದಕ್ಕೆ ಔಷಧ ಕೇಳುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ. ಆದರೆ ಇಳಿಸಬೇಕಾದ ತೂಕ ಅಲ್ಪವಾಗಿದ್ದಾಗ ಔಷಧದ ಅಗತ್ಯ ಎಷ್ಟರಮಟ್ಟಿಗೆ ಇದೆ ಎಂಬುದನ್ನು ತೂಕದ ಯಂತ್ರವೊಂದೇ ತೀರ್ಮಾನಿಸಲಾರದು.

ದೇಹದ ತೂಕದ ಸೂಚ್ಯಂಕ (ಬಿ.ಎಂ.ಐ.)

ಕಿಲೋಗ್ರಾಂಗಳಲ್ಲಿ ತೂಕವನ್ನು, ಮೀಟರ್‌ಗಳಲ್ಲಿ ಎತ್ತರದ ವರ್ಗದಿಂದ ಭಾಗಿಸಿದಾಗ ಬಿ.ಎಂ.ಐ. ದೊರೆಯುತ್ತದೆ. ಅಷ್ಟೇ ತೂಕದ ಪಾಶ್ಚಾತ್ಯರಿಗೆ ಹೋಲಿಸಿದರೆ ಭಾರತೀಯರ ಹೊಟ್ಟೆಯ ಭಾಗದಲ್ಲಿ ಕೊಬ್ಬು ಹೆಚ್ಚು ಶೇಖರವಾಗುವುದರಿಂದ, ನಮ್ಮಲ್ಲಿ 23ರಿಂದ 24.9ರವರೆಗೆ ಅಧಿಕ ತೂಕವೆಂದೂ, 25 ಮತ್ತು ಅದಕ್ಕಿಂತ ಮೇಲ್ಪಟ್ಟರೆ ಸ್ಥೂಲಕಾಯವೆಂದೂ ಪರಿಗಣಿಸಲಾಗುತ್ತದೆ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಬಾರದು. 2025ರ ಜನವರಿಯಲ್ಲಿ ಪ್ರಕಟವಾದ ಭಾರತೀಯ ತಜ್ಞರ ಪರಿಷ್ಕೃತ ಮಾರ್ಗಸೂಚಿಯು ಬಿ.ಎಂ.ಐ. ಒಂದನ್ನೇ ಅವಲಂಬಿಸದೆ, ಹೊಟ್ಟೆಯ ಕೊಬ್ಬು ಹಾಗೂ ದೇಹದ ಅಂಗಗಳ ಮೇಲೆ ಅದರಿಂದಾಗಿರುವ ಪರಿಣಾಮವನ್ನು ನೋಡಿ ಸ್ಥೂಲಕಾಯವನ್ನು ಎರಡು ಹಂತಗಳಾಗಿ ವಿಂಗಡಿಸಿದೆ.

ಔಷಧಕ್ಕೆ ಅನುಮತಿ ನೀಡಿರುವ ಅಳತೆಯಾದರೋ ಬೇರೆ. ಮೇಲ್ಕಂಡ ಎರಡೂ ಚುಚ್ಚುಮದ್ದುಗಳಿಗೆ ಬಿ.ಎಂ.ಐ. 30 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಲ್ಲವೇ 27 ಅಥವಾ ಅದಕ್ಕಿಂತ ಹೆಚ್ಚಿದ್ದು, ಜೊತೆಯಲ್ಲಿ ರಕ್ತದೊತ್ತಡ, ಮಧುಮೇಹ ಮುಂತಾದ ತೂಕಸಂಬಂಧಿ ತೊಂದರೆ ಇರಬೇಕು. ಉದಾಹರಣೆಗೆ, 155 ಸೆಂ.ಮೀ. ಎತ್ತರ, 62 ಕಿಲೋ ತೂಕದ ಮಹಿಳೆಯೊಬ್ಬರ ಬಿ.ಎಂ.ಐ. 25.8 ಆಗುತ್ತದೆ. ಭಾರತೀಯ ಅಳತೆಯಂತೆ ಇದು ಸ್ಥೂಲಕಾಯವೇ ಸರಿ. ಆದರೆ ಔಷಧದ ಅಳತೆಯನ್ನು ಮುಟ್ಟಲು ಇವರ ತೂಕ ಸುಮಾರು 65 ಕಿಲೋ ಆಗಿರಬೇಕು, ಜೊತೆಗೆ ಒಂದು ಕಾಯಿಲೆಯೂ ಇರಬೇಕು. ಕಾಯಿಲೆಯೇನೂ ಇಲ್ಲದಿದ್ದಲ್ಲಿ 72 ಕಿಲೋ ದಾಟಿರಬೇಕು. ಇಂತಹ ಸಂದರ್ಭದಲ್ಲಿ ವೈದ್ಯರು ಔಷಧ ನಿರಾಕರಿಸಿದರೆ ಅದನ್ನು ಅಲಕ್ಷ್ಯವೆಂದು ಭಾವಿಸಬಾರದು. ದೊಡ್ಡ ಪರೀಕ್ಷೆಗಳು ನಡೆದಿರುವುದು ಹೆಚ್ಚು ತೂಕದವರ ಮೇಲೆ. ಅಲ್ಲಿ ಕಂಡ ಲಾಭವು ಅಲ್ಪ ತೂಕ ಹೆಚ್ಚಿರುವವರಿಗೂ ಅಷ್ಟೇ ದೊರೆಯುತ್ತದೆಂದು ಹೇಳಲು ಆಧಾರವಿಲ್ಲ, ಅಡ್ಡಪರಿಣಾಮಗಳು ಮಾತ್ರ ಇವರಿಗೂ ತಪ್ಪಿದ್ದಲ್ಲ.

ಮೊದಲು ಮಾಡಿಸಬೇಕಾದ ತಪಾಸಣೆ

ಅರ್ಜಿಗೆ ಮುನ್ನ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳುವಂತೆ, ಔಷಧ ಕೇಳುವ ಮುನ್ನ ಈ ವಿವರಗಳು ಕೈಯಲ್ಲಿರುವುದು ಒಳಿತು: ರಕ್ತದೊತ್ತಡ, ಉಪವಾಸದ ರಕ್ತದ ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್ ಪರೀಕ್ಷೆಯ ಫಲಿತಾಂಶ ಮತ್ತು ಸೊಂಟದ ಸುತ್ತಳತೆ. ಜೋರಾದ ಗೊರಕೆ, ಹಗಲಿನಲ್ಲಿ ತೂಕಡಿಕೆ, ಮಂಡಿನೋವು, ಮಹಿಳೆಯರಲ್ಲಿ ಮುಟ್ಟಿನ ಏರುಪೇರು ಇದ್ದಲ್ಲಿ ಅವನ್ನೂ ತಿಳಿಸಬೇಕು. 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡಲಾಗುತ್ತದೆ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ಗಳಲ್ಲಿಯೂ ವಿಚಾರಿಸಬಹುದು.

ಈಗಾಗಲೇ ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನು ತಪ್ಪದೇ ಒಯ್ಯಬೇಕು. ಇದಕ್ಕೆ ಕಾರಣವಿದೆ. ಸ್ಟೀರಾಯ್ಡ್, ಇನ್ಸುಲಿನ್, ಮಧುಮೇಹದ ಕೆಲವು ಮಾತ್ರೆಗಳು, ಮೂರ್ಛೆರೋಗಕ್ಕೆ ನೀಡುವ ವಾಲ್ಪ್ರೊಯೇಟ್ ಹಾಗೂ ಮಾನಸಿಕ ಕಾಯಿಲೆಗೆ ನೀಡುವ ಒಲಾಂಜಪೈನ್ ತೂಕ ಹೆಚ್ಚಿಸಬಲ್ಲವು. ಹಾಗಿದ್ದಲ್ಲಿ ಹೊಸ ಔಷಧ ಸೇರಿಸುವುದಕ್ಕಿಂತ ಹಳೆಯದನ್ನು ವೈದ್ಯರು ಬದಲಾಯಿಸುವುದೇ ಸರಿಯಾದ ಪರಿಹಾರವಾಗಬಹುದು. ಸ್ವಂತ ನಿರ್ಧಾರದಿಂದ ಇವುಗಳನ್ನು ನಿಲ್ಲಿಸತಕ್ಕದ್ದಲ್ಲ.

ಮೂರು ಕಿಲೋ ಇಳಿದರೆ ಪ್ರಯೋಜನವುಂಟೇ?

ಉಂಟು. ದೇಹದ ತೂಕದಲ್ಲಿ ಶೇ. 5ರಷ್ಟು, ಅಂದರೆ ಮೇಲಿನ ಉದಾಹರಣೆಯಲ್ಲಿ ಸುಮಾರು 3 ಕಿಲೋ ಇಳಿದರೂ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ಸುಧಾರಿಸುತ್ತವೆ. 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನವೊಂದರ ಫಲಿತಾಂಶ ಇನ್ನೂ ಗಮನಾರ್ಹ. ಮಧುಮೇಹದ ಅಂಚಿನಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿದಾಗ, ಆಹಾರ ಮತ್ತು ನಡಿಗೆಯ ಸಲಹೆ ಪಾಲಿಸಿದವರಲ್ಲಿ ಮಧುಮೇಹ ಬರುವ ಸಂಭವ ಶೇ. 28.5ರಷ್ಟು ಕಡಿಮೆಯಾಯಿತು. ಆದರೆ ಅವರ ಸರಾಸರಿ ತೂಕದಲ್ಲಿ ಹೇಳಿಕೊಳ್ಳುವಂತಹ ಇಳಿಕೆ ಕಂಡುಬರಲಿಲ್ಲ. ತೂಕ ಇಳಿಯಲಿಲ್ಲವೆಂದು ನಡಿಗೆಯನ್ನೇ ಕೈಬಿಡುವವರು ಇದನ್ನು ನೆನಪಿಡಬೇಕು.

ಅಲ್ಪ ತೂಕ ಇಳಿಕೆಗೆ ದಿನದ ಲೆಕ್ಕವೂ ಅಲ್ಪವೇ. ತಲಾ ಎರಡು ಚಮಚ ಸಕ್ಕರೆ ಬೆರೆಸಿದ ಐದು ಲೋಟ ಕಾಫಿ ಅಥವಾ ಚಹಾದಲ್ಲಿ ಸಕ್ಕರೆಯಿಂದಲೇ ಸುಮಾರು 200 ಕ್ಯಾಲೊರಿ ಸೇರುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ಅನ್ನ ಬಿಟ್ಟು ಮುದ್ದೆ ಉಂಡರೆ ತಾನಾಗಿಯೇ ತೂಕ ಇಳಿಯುವುದೆಂಬ ನಂಬಿಕೆ ವ್ಯಾಪಕವಾಗಿದೆ. ರಾಗಿಯಲ್ಲಿ ನಾರು ಮತ್ತು ಸುಣ್ಣಾಂಶ ಹೆಚ್ಚಿರುವುದು ನಿಜವಾದರೂ, ಹಿಟ್ಟಿನ ಪ್ರಮಾಣ ಅಕ್ಕಿಯಷ್ಟೇ ಇದ್ದರೆ ಕ್ಯಾಲೊರಿಯಲ್ಲಿ ಹೆಚ್ಚಿನ ವ್ಯತ್ಯಾಸವಾಗದು. ಮುದ್ದೆಯ ಗಾತ್ರವೂ ಕಿರಿದಾಗಬೇಕು.

ಔಷಧಗಳು ಮತ್ತು ಅವುಗಳಿಂದ ನಿರೀಕ್ಷಿಸಬಹುದಾದುದು

ಆರ್ಲಿಸ್ಟಾಟ್ ಮಾತ್ರೆಯು ಆಹಾರದಲ್ಲಿನ ಕೊಬ್ಬಿನ ಸುಮಾರು ಮೂರನೇ ಒಂದು ಭಾಗ ದೇಹಕ್ಕೆ ಸೇರದಂತೆ ತಡೆಯುತ್ತದೆ. ಒಂದು ವರ್ಷದಲ್ಲಿ ಇದರಿಂದ ದೊರೆಯುವ ಹೆಚ್ಚುವರಿ ಇಳಿಕೆ ಸರಾಸರಿ 3 ಕಿಲೋ ಆಸುಪಾಸು. ಜಿಡ್ಡಿನ ಊಟ ಮಾಡಿದರೆ ಎಣ್ಣೆಯಂತಹ ಮಲ, ತಡೆಯಲಾಗದ ಅವಸರ ಉಂಟಾಗುತ್ತದೆ. ಎ, ಡಿ, ಇ, ಕೆ ಜೀವಸತ್ವಗಳ ಹೀರಿಕೆ ಕುಗ್ಗುವುದರಿಂದ ವೈದ್ಯರು ಜೀವಸತ್ವದ ಮಾತ್ರೆಯನ್ನೂ ಸೂಚಿಸಬಹುದು. ಥೈರಾಯ್ಡ್ ಮಾತ್ರೆ ಸೇವಿಸುವವರು ಎರಡರ ನಡುವೆ 4 ಗಂಟೆ ಅಂತರವಿಡಬೇಕು.

ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್ ಹಸಿವನ್ನು ತಗ್ಗಿಸಿ, ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ. 2021ರಲ್ಲಿ ಪ್ರಕಟವಾದ, 1961 ಜನರ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ಇಳಿಯಿತು, ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಶೇ. 2.4ರಷ್ಟು ಮಾತ್ರ. ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಇಷ್ಟೇ ವರದಿಯಾಗುತ್ತದೆ. ಚುಚ್ಚುಮದ್ದು ನಿಲ್ಲಿಸಿದ ಬಳಿಕ ಅವರಲ್ಲಿ ಕೆಲವರನ್ನು ಮತ್ತೊಂದು ವರ್ಷ ಗಮನಿಸಲಾಯಿತು. ಇಳಿದಿದ್ದ ತೂಕದ ಮೂರನೇ ಎರಡು ಭಾಗ ಮರಳಿ ಬಂದಿತ್ತು. ರಕ್ತದೊತ್ತಡದ ಮಾತ್ರೆ ನಿಲ್ಲಿಸಿದರೆ ಒತ್ತಡ ಏರುವಂತೆಯೇ ಇದು. ಆದ್ದರಿಂದ ಮದುವೆ ಅಥವಾ ಸಮಾರಂಭಕ್ಕೆಂದು ಮೂರು ತಿಂಗಳ ಮಟ್ಟಿಗೆ ಪ್ರಾರಂಭಿಸುವವರಿಗೆ ಈ ಔಷಧ ಸೂಕ್ತವಲ್ಲ. ತೂಕ ಇಳಿಯುವಾಗ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಹೆಚ್ಚು ಕೊಬ್ಬಿಲ್ಲದವರಿಗೆ, ವಿಶೇಷವಾಗಿ ವಯಸ್ಸಾದವರಿಗೆ, ಈ ನಷ್ಟ ಚಿಕ್ಕದಲ್ಲ.

ಖರ್ಚಿನ ವಿಷಯದಲ್ಲಿಯೂ ಒಂದು ತಿಂಗಳ ಬೆಲೆಯನ್ನು ವಿಚಾರಿಸಿದರೆ ಸಾಲದು. ಔಷಧದ ಪ್ರಮಾಣವನ್ನು ಹಂತಹಂತವಾಗಿ ಹೆಚ್ಚಿಸಲಾಗುವುದರಿಂದ ನಂತರದ ತಿಂಗಳುಗಳ ಬೆಲೆ ಬೇರೆಯಾಗಬಹುದು. ಪೂರ್ಣ ಪ್ರಮಾಣದ ದರದಂತೆ ಕನಿಷ್ಠ 12 ತಿಂಗಳ ಲೆಕ್ಕ ಹಾಕಿ, ಮನೆಯ ಇತರ ವೆಚ್ಚಗಳೊಡನೆ ಅದು ಹೊಂದುವುದೇ ಎಂದು ನೋಡತಕ್ಕದ್ದು. ಅರ್ಧದಲ್ಲಿ ಹಣ ಸಾಲದೆ ನಿಲ್ಲಿಸಿದವರಿಗೆ ತೂಕವೂ ಮರಳುತ್ತದೆ, ಖರ್ಚು ಮಾಡಿದ್ದು ಮರಳುವುದಿಲ್ಲ.

ಯಾರು ಬಳಸಬಾರದು

ಗರ್ಭಿಣಿಯರು ತೂಕ ಇಳಿಕೆಯ ಔಷಧ ಬಳಸಬಾರದು. ಹಾಲುಣಿಸುವ ತಾಯಂದಿರು ವೈದ್ಯರ ಅನುಮತಿಯಿಲ್ಲದೆ ಬಳಸಬಾರದು. ಗರ್ಭಧಾರಣೆಗೆ ಕನಿಷ್ಠ 2 ತಿಂಗಳು ಮೊದಲೇ ಸೆಮಾಗ್ಲುಟೈಡ್ ನಿಲ್ಲಿಸಬೇಕು. ಟಿರ್ಜೆಪಟೈಡ್ ಬಳಸುವಾಗ ಗರ್ಭನಿರೋಧಕ ಮಾತ್ರೆಯ ಪರಿಣಾಮ ಕುಗ್ಗಬಹುದಾದ್ದರಿಂದ, ಪ್ರಾರಂಭಿಸಿದಾಗ ಮತ್ತು ಪ್ರತಿ ಬಾರಿ ಪ್ರಮಾಣ ಹೆಚ್ಚಿಸಿದಾಗ 4 ವಾರ ಬೇರೆ ವಿಧಾನ ಅನುಸರಿಸಬೇಕು. ತಮಗೆ ಅಥವಾ ಕುಟುಂಬದಲ್ಲಿ ಯಾರಿಗಾದರೂ ಥೈರಾಯ್ಡ್‌ನ ಮೆಡುಲರಿ ಕ್ಯಾನ್ಸರ್ ಬಂದಿದ್ದರೆ ಈ ಎರಡೂ ಚುಚ್ಚುಮದ್ದುಗಳು ನಿಷಿದ್ಧ. ಮೇದೋಜೀರಕ ಗ್ರಂಥಿಯ ಉರಿಯೂತ ಅಥವಾ ಪಿತ್ತಕೋಶದ ಕಲ್ಲು ಇದ್ದವರು ಮುಚ್ಚಿಡದೆ ತಿಳಿಸಬೇಕು. ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ ಅಡ್ಡಪರಿಣಾಮಗಳು. ಬೆನ್ನಿನವರೆಗೆ ಹರಡುವ ತೀವ್ರ ಹೊಟ್ಟೆನೋವು ಬಂದಲ್ಲಿ ಔಷಧ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಶಸ್ತ್ರಚಿಕಿತ್ಸೆ ಇದ್ದಲ್ಲಿ ಅರಿವಳಿಕೆ ತಜ್ಞರಿಗೆ ಮುಂಚಿತವಾಗಿ ಹೇಳಬೇಕು.

ಜಾಹೀರಾತುಗಳ ಬಗ್ಗೆ ಎಚ್ಚರ

ಒಂದು ಕಾಲದಲ್ಲಿ ತೂಕ ಇಳಿಕೆಗೆ ಬಳಕೆಯಲ್ಲಿದ್ದ ರಿಮೊನಬಂಟ್ ಔಷಧವನ್ನು ಮಾನಸಿಕ ಅಡ್ಡಪರಿಣಾಮಗಳ ಕಾರಣ 2009ರಲ್ಲಿಯೂ, ಸಿಬುಟ್ರಮೈನ್ ಔಷಧವನ್ನು ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯದ ಕಾರಣ 2011ರಲ್ಲಿಯೂ ಭಾರತದಲ್ಲಿ ನಿಷೇಧಿಸಲಾಯಿತು. ವಿವರಗಳಿಲ್ಲದ ಪುಡಿ, ಚೂರ್ಣ, ಕ್ಯಾಪ್ಸೂಲ್‌ಗಳಲ್ಲಿ ಏನು ಬೆರೆತಿದೆಯೆಂದು ಕೊಳ್ಳುವವರಿಗೆ ತಿಳಿಯುವ ಬಗೆಯಿಲ್ಲ. ಥೈರಾಯ್ಡ್ ದೋಷವಿಲ್ಲದವರು ತೂಕ ಇಳಿಸಲು ಥೈರಾಯ್ಡ್ ಮಾತ್ರೆ ಸೇವಿಸುವುದು ಹೃದಯಕ್ಕೆ ಅಪಾಯಕಾರಿ. ಸ್ಥೂಲಕಾಯವನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದು ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಅಧಿನಿಯಮ, 1954ರ ಪ್ರಕಾರ ಅಪರಾಧವಾಗಿದ್ದು, ಅಂತಹವುಗಳ ಬಗ್ಗೆ ಔಷಧ ನಿಯಂತ್ರಣಾಧಿಕಾರಿಗಳಿಗೆ ದೂರು ನೀಡಬಹುದು.

ವೈದ್ಯರೊಡನೆ ಚರ್ಚಿಸುವಾಗ

ಈ ಔಷಧದಿಂದ ನನ್ನ ಯಾವ ತೊಂದರೆ ಕಡಿಮೆಯಾಗಬೇಕು, ಎಷ್ಟು ದಿನಗಳಲ್ಲಿ ಪರಿಣಾಮ ಕಾಣದಿದ್ದರೆ ನಿಲ್ಲಿಸಬೇಕು, ಫಲಿಸಿದರೆ ಎಷ್ಟು ಕಾಲ ಮುಂದುವರಿಸಬೇಕು ಎಂಬ ಪ್ರಶ್ನೆಗಳಿಗೆ ಪ್ರಾರಂಭದಲ್ಲಿಯೇ ಉತ್ತರ ಪಡೆಯತಕ್ಕದ್ದು. ಮೊದಲನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆಯದಿದ್ದಲ್ಲಿ, ಮೂರು ತಿಂಗಳು ಆಹಾರಕ್ರಮ ಮತ್ತು ನಡಿಗೆಯನ್ನು ಪಾಲಿಸಿ, ನಂತರ ಮರುಪರೀಕ್ಷೆಗೆ ಬರುವುದಾಗಿ ವೈದ್ಯರಿಗೆ ತಿಳಿಸಬಹುದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ಬಳಸುತ್ತಿರುವವರು ಸಕ್ಕರೆ ಅಂಶ ಅತಿಯಾಗಿ ಕುಸಿಯದಂತೆ ಅವುಗಳ ಪ್ರಮಾಣ ಬದಲಾಯಿಸಬೇಕೇ ಎಂದು ಕೇಳಬೇಕು.

ಔಷಧವನ್ನು ವೈದ್ಯರ ಚೀಟಿಯೊಡನೆ ಪರವಾನಗಿ ಹೊಂದಿದ ಅಂಗಡಿಯಲ್ಲಿಯೇ ಖರೀದಿಸಿ ರಸೀದಿ ಪಡೆಯಬೇಕು. ತೆರೆಯದ ಚುಚ್ಚುಮದ್ದುಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕಾಗುವುದರಿಂದ, ಅಂಗಡಿಯವರು ಶೀತಲ ಪೆಟ್ಟಿಗೆಯಿಂದಲೇ ತೆಗೆದುಕೊಡುವರೇ ಎಂಬುದನ್ನು ಗಮನಿಸಿ. ಔಷಧದಿಂದ ಅಡ್ಡಪರಿಣಾಮ ಕಂಡುಬಂದಲ್ಲಿ ಚಿಕಿತ್ಸೆ ನೀಡುವ ವೈದ್ಯರಿಗೆ ತಿಳಿಸಿ, ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ ಸಂಖ್ಯೆ 1800-180-3024ಕ್ಕೆ ಕರೆ ಮಾಡಿ ವರದಿ ಮಾಡಬಹುದಾಗಿದೆ. ಕರೆ ಮಾಡುವಾಗ ಔಷಧದ ಪೆಟ್ಟಿಗೆಯನ್ನು ಕೈಯಲ್ಲಿಟ್ಟುಕೊಂಡಿದ್ದರೆ ಅದರ ಮೇಲಿನ ತಯಾರಿಕಾ ತಂಡದ ಸಂಖ್ಯೆಯನ್ನು ಓದಿ ಹೇಳಲು ಅನುಕೂಲವಾಗುತ್ತದೆ.