ಮೆಟಲ್ ಡಿಟೆಕ್ಟರ್ ಬೀಪ್ ಅಂದರೆ ಅಲ್ಲಿ ಚಿನ್ನ ಇದೆ ಎಂದರ್ಥವೇ?

ನೆಲದಡಿ ಹತ್ತಾರು ಅಡಿ ಆಳದ ಚಿನ್ನವನ್ನೂ ತೋರಿಸುವ ಯಂತ್ರ ಬಂದಿದೆ ಎನ್ನುವ ವಿಡಿಯೋಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತಿರುತ್ತವೆ. ದಾವಣಗೆರೆಯ ವಿನೋಬನಗರದ ಮನೆಯಂಗಳದಲ್ಲಿ ಕಿವಿಯೋಲೆ ಬೀಳಿಸಿಕೊಂಡವರಿಗೂ ಹರಿಹರದ ತುಂಗಭದ್ರೆಯಲ್ಲಿ ಮೀಯುವಾಗ ಉಂಗುರ ಕಳೆದುಕೊಂಡವರಿಗೂ ಇದನ್ನು ನೋಡಿ ಆಸೆ ಹುಟ್ಟುವುದು ಸಹಜ. ಇದರಲ್ಲಿ ನಿಜ ಎಷ್ಟು, ನೋಡೋಣ.

ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಡಿಟೆಕ್ಟರ್‌ನ ತುದಿಯಲ್ಲಿ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ವಿದ್ಯುತ್ ಹರಿದಾಗ ಬದಲಾಗುತ್ತಲೇ ಇರುವ ಕಾಂತಕ್ಷೇತ್ರ ಉಂಟಾಗುತ್ತದೆ. ಹತ್ತಿರದಲ್ಲಿ ಲೋಹವಿದ್ದರೆ ಅದರೊಳಗೂ ಸಣ್ಣ ವಿದ್ಯುತ್ ಸುಳಿಗಳು ಹುಟ್ಟಿ, ಅವು ತಮ್ಮದೇ ಕಾಂತಕ್ಷೇತ್ರವನ್ನು ಉಂಟುಮಾಡುತ್ತವೆ. ಅದನ್ನು ಗುರುತಿಸಿ ಯಂತ್ರ ಬೀಪ್ ಎನ್ನುತ್ತದೆ. ಅಂದರೆ ಬೀಪ್ ಹೇಳುವುದು 'ಇಲ್ಲಿ ಲೋಹ ಇದೆ' ಎಂದಷ್ಟೇ. ಕೆಲವು ಯಂತ್ರಗಳು ಕಬ್ಬಿಣವನ್ನು ಬೇರೆಯಾಗಿ ತೋರಿಸುತ್ತವೆ ನಿಜ. ಆದರೆ ಚಿನ್ನದ ಉಂಗುರಕ್ಕೂ ಗುಟ್ಕಾ ಪ್ಯಾಕೆಟ್‌ನ ಅಲ್ಯೂಮಿನಿಯಂ ಹಾಳೆಗೂ ಬರುವ ಸಂಕೇತ ಹೆಚ್ಚುಕಡಿಮೆ ಒಂದೇ ಆಗಿರಬಹುದು.

ಎಷ್ಟು ಆಳ?

ಸಾಮಾನ್ಯ ಯಂತ್ರಕ್ಕೆ ಉಂಗುರ ಸಿಗುವುದು ಸುಮಾರು ಒಂದು ಗೇಣು ಆಳದವರೆಗೆ ಮಾತ್ರ. ತೆಳುವಾದ ಸರ ಇನ್ನೂ ಕಷ್ಟ. ಕೊಂಡಿಗಳು ಬಿಡಿಬಿಡಿಯಾಗಿರುವುದರಿಂದ ಸಂಕೇತ ದುರ್ಬಲವಾಗುತ್ತದೆ.

ಮೊಬೈಲ್ ಆ್ಯಪ್ ಹುಡುಕುತ್ತದೆಯೇ?

ಇಲ್ಲ. ಇಂಥ ಆ್ಯಪ್‌ಗಳು ಬಳಸುವುದು ಫೋನಿನ ದಿಕ್ಸೂಚಿ ಸೆನ್ಸರನ್ನು. ಅದು ಕಬ್ಬಿಣ ಮತ್ತು ಅಯಸ್ಕಾಂತಕ್ಕೆ ಸ್ಪಂದಿಸುತ್ತದೆ. ಚಿನ್ನವನ್ನು ಅಯಸ್ಕಾಂತ ಸೆಳೆಯುವುದಿಲ್ಲ, ಹಾಗಾಗಿ ಆ್ಯಪ್‌ಗೆ ಅದು ಕಾಣುವುದೇ ಇಲ್ಲ. ದೂರದಿಂದಲೇ ನಿಧಿಯತ್ತ ತಿರುಗುವ ಕಡ್ಡಿ ಯಂತ್ರಗಳದ್ದೂ ಇದೇ ಕಥೆ. ಇಂಥದ್ದೇ ಪೊಳ್ಳು ಸಾಧನವನ್ನು ಬಾಂಬ್ ಪತ್ತೆ ಯಂತ್ರವೆಂದು ಇರಾಕ್‌ಗೆ ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ ನ್ಯಾಯಾಲಯ 10 ವರ್ಷ ಜೈಲು ಶಿಕ್ಷೆ ವಿಧಿಸಿತು.

ನಮ್ಮ ಜಿಲ್ಲೆಯವರು ಏಕೆ ಎಚ್ಚರವಾಗಿರಬೇಕು?

'ಮನೆಯ ಪಾಯ ತೆಗೆಯುವಾಗ ಬಂಗಾರದ ನಾಣ್ಯ ಸಿಕ್ಕಿವೆ, ಕಡಿಮೆ ಬೆಲೆಗೆ ಕೊಡುತ್ತೇವೆ' ಎಂದು ಫೋನ್ ಮಾಡಿ ವಂಚಿಸಿದ ಪ್ರಕರಣಗಳು ದಾವಣಗೆರೆ ಜಿಲ್ಲೆಯಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ಮೊದಲು ಒಂದೆರಡು ಅಸಲಿ ನಾಣ್ಯ ಕೊಡುತ್ತಾರೆ. ಅಕ್ಕಸಾಲಿಗರು ಪರೀಕ್ಷಿಸಿ ಅಸಲಿ ಎಂದಾಗ ನಂಬಿಕೆ ಬರುತ್ತದೆ. ಲಕ್ಷಗಟ್ಟಲೆ ಹಣ ಕೊಟ್ಟ ಮೇಲೆ ಕೈಗೆ ಬರುವುದು ನಕಲಿ ನಾಣ್ಯಗಳ ಗಂಟು. ಯಂತ್ರ ಹಿಡಿದು ಬೀಪ್ ಕೇಳಿಸಿದರೂ ನಂಬಬೇಡಿ. ಹಿತ್ತಾಳೆಗೂ ಅದು ಬೀಪ್ ಎನ್ನುತ್ತದೆ.

ನಿಜವಾಗಿಯೂ ನಿಧಿ ಸಿಕ್ಕರೆ ಅದನ್ನು ಗುಟ್ಟಾಗಿ ಮಾರುವಂತಿಲ್ಲ. ಕರ್ನಾಟಕದಲ್ಲಿ 1962ರ ನಿಧಿ ನಿಕ್ಷೇಪ ಕಾಯ್ದೆ ಇದೆ, ಸಿಕ್ಕ ವಿಷಯವನ್ನು ಸರ್ಕಾರಕ್ಕೆ ತಿಳಿಸಲೇಬೇಕು.

ಒಡವೆ ಕಳೆದರೆ ಏನು ಮಾಡಬೇಕು?

• ಆ ಜಾಗದಲ್ಲಿ ಕಸ ಗುಡಿಸಬೇಡಿ, ಓಡಾಟ ನಿಲ್ಲಿಸಿ.
• ಮೇಲ್ಮಣ್ಣನ್ನು ಜರಡಿ ಹಿಡಿಯಿರಿ. ಬಚ್ಚಲಲ್ಲಿ ಬಿದ್ದಿದ್ದರೆ ನೀರು ಬಿಡದೆ ಮೊದಲು ಜಾಲರಿ ತೆಗೆದು ನೋಡಿ.
• ಡಿಟೆಕ್ಟರ್ ಸಿಕ್ಕರೆ ನೆಲಕ್ಕೆ ತಾಗುವಷ್ಟು ಹತ್ತಿರ ಹಿಡಿದು, ನಿಧಾನವಾಗಿ, ಸಾಲು ಸಾಲಾಗಿ ಆಡಿಸಿ.
• ಬೇರೆಯವರ ಒಡವೆ ಸಿಕ್ಕರೆ ಹತ್ತಿರದ ಠಾಣೆಗೆ ಒಪ್ಪಿಸಿ.

ತೀರ್ಮಾನ: ಎಲ್ಲಿ ಬಿತ್ತೆಂದು ಗೊತ್ತಿರುವ ಉಂಗುರವನ್ನು ಹುಡುಕಲು ಡಿಟೆಕ್ಟರ್ ಒಳ್ಳೆಯ ಸಹಾಯಕ. ಆದರೆ ಚಿನ್ನವನ್ನಷ್ಟೇ ಆರಿಸಿ ತೋರಿಸುತ್ತದೆ, ಹತ್ತಾರು ಅಡಿ ಆಳದ ನಿಧಿ ಹುಡುಕುತ್ತದೆ ಎನ್ನುವುದು ಸುಳ್ಳು. ಅಂಥ ವಿಡಿಯೋ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಈ ಮಾಹಿತಿ ಹಂಚಿಕೊಳ್ಳಿ. ಯಾರದ್ದೋ ಮನೆಯ ಉಳಿತಾಯ ಉಳಿದೀತು.