ಕೊಡುವ ಕೈ, ಹಂಚುವ ಕೈ

ನಿಪ್ಪಾಣಿ ದಾಟಿ ಬೆಳಗಾವಿ ಕಡೆ ಘಟ್ಟ ಏರುವಾಗ ಸ್ತವನಿಧಿ ಸಿಗುತ್ತದೆ. ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿದ್ದು ಈ ಕ್ಷೇತ್ರದಲ್ಲಿ, 1899ರಲ್ಲಿ. ಹೆಸರು ಮಹಾರಾಷ್ಟ್ರದ್ದಾದರೂ ಕನ್ನಡ ಮಾತಾಡುವ ಒಕ್ಕಲು ಮನೆತನಗಳೂ ಅದರಲ್ಲಿದ್ದವು. ಸಭೆ ವಂತಿಗೆ ಕೂಡಿಸಿ ಕೊಲ್ಹಾಪುರದಲ್ಲಿ ಬೋರ್ಡಿಂಗ್ ತೆರೆಯಿತು, ವಿದ್ಯಾರ್ಥಿವೇತನ ಕೊಟ್ಟಿತು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದ್ದೇ; ಅಲ್ಲಿನ ಹುಡುಗರಿಗೆ ಆ ಬೋರ್ಡಿಂಗ್ ಪರಸ್ಥಳವೇನಲ್ಲ. ಊರ ದುಡ್ಡನ್ನು ಊರವರೇ ಹಂಚುವ ಪ್ರತಿಷ್ಠಾನಗಳ ಮೂಲವನ್ನು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, 1914ರಲ್ಲಿ ಗುರುತಿಸುತ್ತಾರೆ. ನಮ್ಮದು ಅದಕ್ಕೂ ಹದಿನೈದು ವರ್ಷ ಹಿಂದಿನದು. ಆದರೆ ಇಲ್ಲಿ ಊರವರೆಂದರೆ ಒಂದೇ ಸಮಾಜದವರು. ಆ ಮಿತಿಯನ್ನೂ ಹೇಳಲೇಬೇಕು.

ಮುಂದಿನದು ಕಟ್ಟಡಗಳ ಕಾಲ. 1916ರಲ್ಲಿ ಬೆಳಗಾವಿಯ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆ ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳಿಗೂ ಕಾಲೇಜು ತಂದಿತು. ನಿಪ್ಪಾಣಿಗೆ ಅಂಟಿಕೊಂಡೇ ಇರುವ ದೇವಚಂದ ಕಾಲೇಜು ನಿಂತಿರುವುದು ಗಡಿಯಾಚೆ, ಮಹಾರಾಷ್ಟ್ರದ ಕಾಗಲ ತಾಲ್ಲೂಕಿನ ಅರ್ಜುನನಗರದಲ್ಲಿ. ಕೊಟ್ಟವರ ಹೆಸರು ಬಾಗಿಲ ಮೇಲೆ ಉಳಿಯುವುದು ತಪ್ಪಲ್ಲ. ಆದರೆ ಹೆಸರು ಕೆತ್ತಲು ಕಲ್ಲಿಲ್ಲದ ಕೆಲಸಕ್ಕೆ ದಾನಿ ಸಿಗುವುದು ಕಷ್ಟ.

ಅಂಥ ಕೆಲಸಕ್ಕೆ ದಾರಿ ಮಾಡಿದ್ದು 1987ರಲ್ಲಿ ನಬಾರ್ಡ್ ಬ್ಯಾಂಕು ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಗೆ ಕೊಟ್ಟ 10 ಲಕ್ಷ ರೂಪಾಯಿ. ಸ್ವಸಹಾಯ ಸಂಘದ ಹೆಂಗಸರು ಉಳಿಸಿದ್ದಕ್ಕೆ ಇದನ್ನು ಕೂಡಿಸಬೇಕು, ಯಾರಿಗೆ ಸಾಲ ಎಂಬುದನ್ನು ಸಂಘವೇ ತೀರ್ಮಾನಿಸಲಿ ಎಂಬ ಲೆಕ್ಕ. ಸಂಘದ ಸಭೆ ನೋಡಿದವರಿಗೆ ಗೊತ್ತು: ಚಾಪೆಯ ನಡುವೆ ತಗಡಿನ ಪೆಟ್ಟಿಗೆ, ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಕೀಲಿ ಇನ್ನೊಬ್ಬಳ ಸೆರಗಿನಲ್ಲಿ. “ಹಿಂದಿನ ಕಂತ ಕಟ್ಟಿಲ್ಲ, ಮತ್ತ ಎಮ್ಮಿಗೆ ಸಾಲ ಕೇಳತಿಯಲ್ಲವ್ವಾ” ಎಂದು ನೆರೆಮನೆಯವಳೇ ಕೇಳುತ್ತಾಳೆ. ಯಾವ ಆಡಿಟರೂ ಇಷ್ಟು ಬಿಗಿ ಇರಲಾರ.

ಈ ರೂಢಿಯೇ ಮಾಜಿ ದೇವದಾಸಿಯರ ನಡುವೆಯೂ ಬೇರುಬಿಟ್ಟಿತು. 1982ರ ಕಾನೂನು ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು ನಿಷೇಧಿಸಿತ್ತು, ಹೊಟ್ಟೆಪಾಡಿನ ದಾರಿ ತೋರಿರಲಿಲ್ಲ. 1997ರಲ್ಲಿ ಘಟಪ್ರಭಾದಲ್ಲಿ ಅವರದೇ ಸಂಸ್ಥೆ ‘ಮಾಸ್’ ನಿಂತಿತು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡ, ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಮುಂದೆ ಅದರ ಚುಕ್ಕಾಣಿ ಹಿಡಿದರು. 2018ರಲ್ಲಿ ಪದ್ಮಶ್ರೀ ಬಂತು. ನೆರವು ಪಡೆಯಬೇಕಾದವರೇ ನೆರವು ಹಂಚುವ ಜಾಗದಲ್ಲಿ ಕೂತದ್ದು ನನಗೆ ಪ್ರಶಸ್ತಿಗಿಂತ ದೊಡ್ಡದು.

ಕಂಪನಿ ಕಾಯ್ದೆಯ ಒಂದು ಕಲಮಿನಂತೆ 2014ರಿಂದ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ (ಸಿಎಸ್‌ಆರ್) ಖರ್ಚು ಮಾಡಬೇಕು, ಸುತ್ತಲಿನ ಊರಿಗೆ ಆದ್ಯತೆ ಕೊಡಬೇಕು. ಕಾಗವಾಡ ತಾಲ್ಲೂಕಿನ ಉಗಾರದ ಹಳೆಯ ಸಕ್ಕರೆ ಕಾರ್ಖಾನೆ ಒಂದು ಕಂಪನಿ. ಆದರೆ ಚಿಕ್ಕೋಡಿಯ ದೂಧಗಂಗಾ, ನಿಪ್ಪಾಣಿಯ ಹಾಲಸಿದ್ಧನಾಥ ಸಕ್ಕರೆ ಕಾರ್ಖಾನೆಗಳು ಸಹಕಾರಿ ಸಂಘಗಳು. ಆ ಕಲಮು ಅವಕ್ಕೆ ಅನ್ವಯಿಸದು. ಕಬ್ಬಿನ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಕಂಪನಿಗಳ ಆ ಹಣ ಪಡೆಯಬಯಸುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಬೇಕು. ಅದಕ್ಕೆ ಸಾಮಾನ್ಯವಾಗಿ ಆದಾಯ ತೆರಿಗೆಯ ನೋಂದಣಿಗಳೂ (12ಎ, 80ಜಿ) ಬೇಕು. ಹದಿನೈದು ಹೆಂಗಸರ ಸಂಘದ ಬಳಿ ಇರುವುದು ಒಂದು ಠರಾವು ಪುಸ್ತಕ, ಒಂದು ಪಾಸ್‌ಬುಕ್ಕು.