ಬಂದೂಕಿನ ಕುದುರೆ

ನಮ್ಮ ಧರಮಪೇಠದ ಸುತ್ತಮುತ್ತ ಬಂದೂಕಿನ ಇತಿಹಾಸಕ್ಕೆ ಕೊರತೆಯಿಲ್ಲ. ಪೂರ್ವಕ್ಕೆ ಸೀತಾಬರ್ಡಿಯ ಗುಡ್ಡ. 1817ರ ನವೆಂಬರಿನಲ್ಲಿ ಭೋಸಲೆಯವರ ಸೈನ್ಯಕ್ಕೂ ಕಂಪನಿಯ ಸೈನ್ಯಕ್ಕೂ ಕಾಳಗ ನಡೆದ ಜಾಗ. ಈಶಾನ್ಯಕ್ಕೆ ಹೋದರೆ 1821ರಲ್ಲಿ ನೆಲೆಗೊಂಡ ಕಾಮಠಿ ದಂಡು. ಪಶ್ಚಿಮಕ್ಕೆ, ಅಂಬಾಝರಿ ಕೆರೆಯ ಆಚೆ, 1962ರ ಯುದ್ಧದ ನಂತರ ತಲೆಯೆತ್ತಿದ ಯುದ್ಧಸಾಮಗ್ರಿಯ ಕಾರ್ಖಾನೆ. ಕಾಮಠಿಯಲ್ಲಿರುವ ಎನ್.ಸಿ.ಸಿ. ಅಧಿಕಾರಿಗಳ ಅಕಾಡೆಮಿಗೆ ಕರ್ನಾಟಕದ ಕಾಲೇಜು ಅಧ್ಯಾಪಕರೂ ತರಬೇತಿಗೆ ಬರುತ್ತಾರೆ. ಆದುದರಿಂದ 'ತ್ರೀ ನಾಟ್ ತ್ರೀ' ಎಂಬ ಹೆಸರು ನಾಗಪುರದ ಕನ್ನಡಿಗರಾದ ನಮಗೆ ಹೊಸದೇನಲ್ಲ. ಈ ಹಳೆಯ ರೈಫಲಿನ ಒಂದು ಸಣ್ಣ ಅಂಗವನ್ನು ಹಿಡಿದು ನೂರೈವತ್ತು ವರ್ಷಗಳ ಕಥೆಯನ್ನು ನೋಡಬಹುದು. ಆ ಅಂಗವೇ ಕುದುರೆ.

ಗುಂಡು ಹಾರಿಸಲು ಬಂದೂಕಿನಲ್ಲಿ ಎಳೆದು ಸಜ್ಜುಗೊಳಿಸುವ ಭಾಗಕ್ಕೆ ನಾವು 'ಕುದುರೆ' ಎನ್ನುತ್ತೇವೆ. ನೆರೆಯ ಮರಾಠಿಯವರು 'ಘೋಡಾ' ಎನ್ನುತ್ತಾರೆ. ಹಳೆಯ ಕೋವಿಗಳಲ್ಲಿ ಇದು ಹೊರಗೆ ಕಣ್ಣಿಗೆ ಕಾಣುವಂತೆ ಕುಳಿತಿರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಬೋಲ್ಟ್ ರೈಫಲುಗಳಲ್ಲಿ ಅದರ ಕೆಲಸ ಬಹುಮಟ್ಟಿಗೆ ಒಳಗೆ ಸೇರಿತು. ಬೋಲ್ಟೆಂದರೆ ಬಾಗಿಲ ಅಗುಳಿಯಂಥದೇ ಒಂದು ಉಕ್ಕಿನ ಕೊಳವೆ. ಅದರೊಳಗೆ ಬಲವಾದ ಸ್ಪ್ರಿಂಗು, ಸ್ಪ್ರಿಂಗಿನ ನಡುವೆ ತೋಟಾದ ಬೆನ್ನಿಗೆ ಬಡಿಯುವ ಮೊಳೆ. ಸಿಪಾಯಿ ಹಿಡಿಯನ್ನು ಎತ್ತಿ ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿ ಮಡಿಸಿದರೆ ಹೊಸ ತೋಟಾ ಒಳಸೇರುತ್ತದೆ. ಈ ನಡುವೆ ಎಲ್ಲೋ ಒಂದು ಕಡೆ ಆ ಸ್ಪ್ರಿಂಗನ್ನು ಅದುಮಲೇಬೇಕು. ತೆರೆಯುವಾಗಲೋ, ಮುಚ್ಚುವಾಗಲೋ? ಪ್ರಶ್ನೆ ಚಿಕ್ಕದು. ಅದಕ್ಕೆ ಜರ್ಮನಿ ಒಂದು ಉತ್ತರ ಕೊಟ್ಟಿತು, ಇಂಗ್ಲೆಂಡ್ ಇನ್ನೊಂದು ಕೊಟ್ಟಿತು.

ಜರ್ಮನಿಯ ಮೌಸರ್ ಕಾರ್ಖಾನೆಯ ಕೆಲವು ಹಳೆಯ ಮಾದರಿಗಳಲ್ಲಿ, ಉದಾಹರಣೆಗೆ 1893ರ ಸ್ಪೇನಿನ ರೈಫಲಿನಲ್ಲಿ, ಕುದುರೆ ಏರುತ್ತಿದ್ದುದು ಬೋಲ್ಟನ್ನು ಮುಚ್ಚುವಾಗ. ಪ್ರಸಿದ್ಧವಾದ 1898ರ ಮಾದರಿಯಲ್ಲಿ ಇದನ್ನು ಬದಲಿಸಿ, ಹಿಡಿಯನ್ನು ಮೇಲೆತ್ತುವಾಗಲೇ ಕುದುರೆ ಏರುವಂತೆ ಮಾಡಿದರು. ಇತ್ತ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾ, ಅಮೆರಿಕಗಳಲ್ಲಿ ಬಾಳಿದ ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟನ್ನು ಬ್ರಿಟಿಷ್ ಸೇನೆ 1888ರಲ್ಲಿ ಸ್ವೀಕರಿಸಿತು. 1895ರಲ್ಲಿ ಅದು ಲೀ-ಎನ್‌ಫೀಲ್ಡ್ ಆಯಿತು. ಇದರಲ್ಲಿ ಕುದುರೆ ಏರುವುದು ಮುಂದಕ್ಕೆ ತಳ್ಳುವಾಗಲೇ. ಬ್ರಿಟಿಷರು ಇದನ್ನು ಕೊನೆಯವರೆಗೂ ಬಿಡಲಿಲ್ಲ.

ಕಾರಣವಿಲ್ಲದೆ ಅಲ್ಲ. ಎಡೆಬಿಡದೆ ಗುಂಡು ಹಾರಿಸಿದಾಗ ನಳಿಗೆ ಕಾಯುತ್ತದೆ. ಕಾದ ನಳಿಗೆಯಲ್ಲಿ, ಅದರಲ್ಲೂ ಧೂಳು ಸೇರಿದರೆ, ಹಿತ್ತಾಳೆಯ ತೋಟಾ ಕಚ್ಚಿಕೊಳ್ಳುತ್ತದೆ. ಅದನ್ನು ಕೀಳುವ ಹೊತ್ತಿಗೇ ಸ್ಪ್ರಿಂಗನ್ನೂ ಅದುಮಬೇಕೆಂದರೆ ಎರಡು ಭಾರ ಒಂದೇ ಕೈಯ ಮೇಲೆ ಬೀಳುತ್ತವೆ. ಲೀ ಬೋಲ್ಟಿನಲ್ಲಿ ತೆರೆಯುವ ಕೆಲಸಕ್ಕೆ ತೆರೆಯುವ ಬಲವಷ್ಟೇ ಸಾಕು. ಸ್ಪ್ರಿಂಗಿನ ಭಾರವನ್ನು ಮುಂದಕ್ಕೆ ತಳ್ಳುವ ಕೈಯ ವೇಗವೇ ಹೊರುತ್ತದೆ. ಹಿಡಿಯನ್ನು ಎತ್ತಬೇಕಾದದ್ದೂ ಮೌಸರಿಗಿಂತ ಕಡಿಮೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟಿಷ್ ಸಿಪಾಯಿ 300 ಗಜ ದೂರದ ಗುರಿಗೆ ನಿಮಿಷಕ್ಕೆ 15 ಗುಂಡು ಹಾರಿಸುವ ಅಭ್ಯಾಸ ಮಾಡುತ್ತಿದ್ದುದು ಇದೇ ಬೋಲ್ಟಿನ ಮೇಲೆ.

ಆದರೆ ಬೇಟೆಗಾರನ ಅಗತ್ಯ ಬೇರೆ. ಅವನು ಹಾರಿಸುವುದು ಒಂದು ಗುಂಡು, ಹೆಚ್ಚೆಂದರೆ ಎರಡು. ಮುಚ್ಚುವಾಗ ಕೈಗೆ ತಾಗುವ ಒತ್ತಡ ಅವನಿಗೆ ಹಿತವೆನಿಸಲಿಲ್ಲ. ಮೊದಲ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸೇನೆಯ ಹಳೆಯ ರೈಫಲುಗಳನ್ನು ಕೊಂಡವರು ಕುದುರೆಯನ್ನು ಬದಲಿಸಿ ಕೊಡಿರೆಂದು ಕೋವಿ ಕಮ್ಮಾರರ ಬಳಿಗೆ ಹೋದರು. ಯುದ್ಧಕಾಲದಲ್ಲಿ ಮುಚ್ಚುವಾಗ ಕುದುರೆ ಏರುವ ರೈಫಲುಗಳನ್ನು ಲಕ್ಷಗಟ್ಟಲೆ ಮಾಡಿದ ರೆಮಿಂಗ್ಟನ್ ಕಂಪನಿ 1921ರಲ್ಲಿ ಅದೇ ರೈಫಲನ್ನು ಬೇಟೆಗೆ ಒಗ್ಗಿಸಿ ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ತೆರೆಯುವಾಗ ಏರುವಂತೆ ಅದರ ಕುದುರೆಯನ್ನು ಬದಲಿಸಿತು. ತೇಜಸ್ವಿಯವರ ಅನುವಾದಗಳಿಂದ ಕನ್ನಡಿಗರಿಗೆ ಮನೆಯವನಂತಾದ ಜಿಮ್ ಕಾರ್ಬೆಟ್ ಮೆಚ್ಚಿ ಬಳಸಿದ .275 ರಿಗ್ಬಿಯೂ ಮೌಸರ್ ಬೋಲ್ಟಿನದೇ.

ಹಾಗಾದರೆ ನಮ್ಮ ದೇಶದಲ್ಲಿ? ಇಲ್ಲಿಯೂ ರೈಫಲುಗಳನ್ನು ಬದಲಿಸಿದರು, ಧಾರಾಳವಾಗಿಯೇ ಬದಲಿಸಿದರು. ಆದರೆ ಕೈಗೆ ಹಿತವಾಗಲೆಂದು ಅಲ್ಲ. ಇಲ್ಲಿ ಮೊದಲು ಕೇಳುತ್ತಿದ್ದ ಪ್ರಶ್ನೆ: ಇದನ್ನು ಯಾರ ಕೈಗೆ ಕೊಡುತ್ತಿದ್ದೇವೆ?

1857ರಲ್ಲಿ ಸರ್ಕಾರ ನಿಃಶಸ್ತ್ರೀಕರಣದ ಕಾಯಿದೆ ತಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಅದೇ ಕನ್ನಡ ನೆಲದ ಕೊಡಗಿನವರಿಗಾದರೋ ಬ್ರಿಟಿಷರೇ ಪರವಾನಗಿಯಿಂದ ವಿನಾಯಿತಿ ಕೊಟ್ಟರು. ಅದು ಇಂದಿಗೂ ಮುಂದುವರಿದಿದೆ, ಕೈಲ್‌ಪೊಳ್ದಿನಂದು ಕೋವಿಗೆ ಪೂಜೆ ನಡೆಯುತ್ತದೆ. ನಂಬಿಕೆಯ ಲೆಕ್ಕ ಊರಿಂದ ಊರಿಗೆ ಬೇರೆಯಾಗಿತ್ತು.

ಸಿಪಾಯಿಯ ಮೇಲಂತೂ ನಂಬಿಕೆ ಇರಲೇ ಇಲ್ಲ. ದಂಗೆಯ ನಂತರ ಭಾರತೀಯ ಪಡೆಗಳಿಗೆ ಕೊಟ್ಟ ಎನ್‌ಫೀಲ್ಡುಗಳ ನಳಿಗೆಯ ಒಳಗೆ ಗುಂಡಿಗೆ ಗುರಿ ಕೊಡುವ ಸುರುಳಿ ಗೆರೆಗಳೇ ಇರದಂತೆ ನೋಡಿಕೊಂಡರು. ಮುಂದೆಯೂ ಗೋರಾ ಪಲ್ಟನಿಗೆ ಹೊಸ ಬಂದೂಕು ಬಂದಾಗ ಅದರ ಹಿಂದಿನದು ನಮ್ಮವರಿಗೆ ಎಂಬ ಪದ್ಧತಿ ನಡೆಯಿತು. 1914ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಇಳಿದ ಭಾರತೀಯ ಸೈನಿಕರ ಕೈಗೆ ಅಲ್ಲಿಯೇ ಹೊಸ ರೈಫಲುಗಳನ್ನು ಕೊಟ್ಟರು. ಅಗತ್ಯ ಬಿದ್ದಾಗ ನಂಬಿಕೆಯೂ ಬಂತು.

ಬಂಗಾಳದ ಇಷಾಪುರದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರೈಫಲ್ ಕಾರ್ಖಾನೆ ಆರಂಭವಾಗಿತ್ತು. ಕಾವಲುಗಾರರಿಗೂ ಪೊಲೀಸರಿಗೂ ಎಂದು ಲೀ-ಎನ್‌ಫೀಲ್ಡಿನ ನಳಿಗೆಯ ಗೆರೆಗಳನ್ನು ತೆಗೆದು .410 ಮಸ್ಕೆಟ್ ಮಾಡಿದ್ದು ಇಲ್ಲಿ. ತೋಟಾಪೆಟ್ಟಿಗೆಯ ಜಾಗಕ್ಕೆ ಮರದ ತುಂಡು ತುಂಬಿ, ಒಮ್ಮೆಗೆ ಒಂದೇ ಗುಂಡು ಹಾರುವಂತೆ ಮಾಡಿದ್ದೂ ಇಲ್ಲಿಯೇ. ಸೇನೆಯ ತೋಟಾ ಜನರ ಬಂದೂಕಿಗೆ ಹೊಂದಬಾರದೆಂದು .303 ಅನ್ನು ನಾಗರಿಕರಿಗೆ ನಿಷೇಧಿಸಿದರು; ಅದಕ್ಕಾಗಿ ಲೀ ಬೋಲ್ಟಿನ ಬೇಟೆಯ ರೈಫಲುಗಳು .315 ತೋಟಾಕ್ಕೆ ತಯಾರಾದವು. ಸ್ವಾತಂತ್ರ್ಯ ಬಂದ ಮೇಲೂ ಇಷಾಪುರ .315 ರೈಫಲು ಮಾಡಿತು.

ಇಷ್ಟೆಲ್ಲ ಬದಲಾದರೂ ಕುದುರೆಯನ್ನು ಯಾರೂ ಮುಟ್ಟಲಿಲ್ಲ. 1962ರ ಯುದ್ಧದ ನಂತರ ಇಷಾಪುರ ಇನ್ನೂ ಗಟ್ಟಿಯಾದ ಉಕ್ಕಿನಲ್ಲಿ 7.62 ಮಿಲಿಮೀಟರಿನ ಹೊಸ ತೋಟಾಕ್ಕೆ '2ಎ' ರೈಫಲನ್ನು ತಯಾರಿಸಿತು. ತೋಟಾಪೆಟ್ಟಿಗೆ ಚೌಕವಾಯಿತು, ಹತ್ತರ ಬದಲು ಹನ್ನೆರಡು ತೋಟಾ ಹಿಡಿಯಿತು. ಅದರ ಮುಂದಿನ '2ಎ1'ರಲ್ಲಿ ಗುರಿಯ ಪಟ್ಟಿ 2000 ಗಜದಿಂದ 800 ಮೀಟರಿಗೆ ಇಳಿಯಿತು. ಕುದುರೆ ಮಾತ್ರ ಹಿಂದಿನಂತೆಯೇ ಮುಂದಕ್ಕೆ ತಳ್ಳುವಾಗ ಏರುತ್ತಿತ್ತು. ತಲೆಮಾರುಗಳಿಂದ ಇದೇ ಕವಾಯತು ಕಲಿತ ಕೈಗಳಿಗೆ, ಯುದ್ಧದ ಅವಸರದಲ್ಲಿ, ಹೊಸ ಪಾಠ ಬೇಕಿರಲಿಲ್ಲ ಎಂಬುದು ನಮಗೆ ತೋರುವ ಕಾರಣ.

ಆದರೆ ಒಂದು ಕಾಲಕ್ಕೆ ಒಗ್ಗಿದ ಆಯುಧ ಎಲ್ಲ ಕಾಲಕ್ಕೂ ಒಗ್ಗುವುದಿಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ಸ್ವಯಂಚಾಲಿತ ಬಂದೂಕು ಹಿಡಿದು ಬಂದ ಉಗ್ರರ ಎದುರು ನಿಂತ ಕಾವಲಿನವರಲ್ಲಿ ಕೆಲವರ ಕೈಯಲ್ಲಿದ್ದುದು ಇದೇ ತ್ರೀ ನಾಟ್ ತ್ರೀ. ಪ್ರತಿ ಗುಂಡಿಗೂ ಎತ್ತಿ, ಎಳೆದು, ತಳ್ಳಿ, ಮಡಿಸಬೇಕು. ನಿಮಿಷಕ್ಕೆ ಹದಿನೈದು ಗುಂಡಿನ ಕೀರ್ತಿ ಅಲ್ಲಿ ಏನೇನೂ ಅಲ್ಲ. ಅವರು ಓಡಿಹೋಗದೆ ನಿಂತರೆಂಬುದು ಅವರ ದೊಡ್ಡತನ. ಅಂಥ ಆಯುಧವನ್ನು ಅಷ್ಟು ಕಾಲ ಅವರ ಕೈಯಲ್ಲೇ ಬಿಟ್ಟದ್ದಕ್ಕೆ ಆಳುವವರು ಉತ್ತರ ಹೇಳಬೇಕು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಲ್ಲಿ.

ಈಗ ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಬಂದೂಕು ಪರವಾನಗಿಯೊಡನೆ ಉಳಿದಿದೆ. ಪರದೇಶದವರನ್ನು ನೋಡಿ ಅದರ ಕುದುರೆಯನ್ನು ಬದಲಿಸೋಣವೆಂಬ ಹಂಬಲ ಯಾರಿಗಾದರೂ ಬರಬಹುದು. ನಮ್ಮ 1959ರ ಶಸ್ತ್ರ ಕಾಯಿದೆಯಂತೆ ಬಂದೂಕನ್ನು ಮಾರ್ಪಡಿಸುವುದಕ್ಕೂ ದುರಸ್ತಿ ಮಾಡುವುದಕ್ಕೂ ಬೇರೆಯೇ ಪರವಾನಗಿ ಬೇಕು. ಕಾಯಿದೆಯ ಮಾತು ಹಾಗಿರಲಿ. ತಿದ್ದಿದ ಬಂದೂಕು ತನ್ನ ಕಾಲದ ಮಾತನ್ನು ಹೇಳಲಾರದು. ಬೋಳಾದ ನಳಿಗೆಯಲ್ಲಿ, ಮರದ ತುಂಡು ತುಂಬಿದ ತೋಟಾಪೆಟ್ಟಿಗೆಯಲ್ಲಿ ಆಳುವವರ ಭಯ ಅಚ್ಚಾಗಿ ಉಳಿದಿದೆ. ಮುಟ್ಟದೆ ಬಿಟ್ಟ ಕುದುರೆಯಲ್ಲಿ ನಮ್ಮ ಸಿಪಾಯಿಗಳ ಕೈಯ ಅಭ್ಯಾಸ ಉಳಿದಿದೆ. ಎರಡೂ ಇದ್ದಂತೆಯೇ ಮುಂದಿನವರ ಕಣ್ಣಿಗೆ ಬೀಳಲಿ.